ಬೊಟ್ಟಿಟ್ಟ ಜಾಕೆಟ್ಟು

ಮೊದಲೇ ಒಪ್ಪಿಕೊಂಡುಬಿಡ್ತೀನಿ. ನನಗೆ ಜಾಕೆಟ್ ಹೊಲಿಯೋಕೆ ಬರ್ತಿರಲಿಲ್ಲ.

ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಹದಿನೇಳು ವರ್ಷ ಜಾಕೆಟ್ ಲೈನಿನಲ್ಲೇ ಕೂತವಳು ನಾನು. ಹಿಮ ಬೀಳೋ ದೇಶದಲ್ಲಿ ಎಷ್ಟು ಜನ ನನ್ನ ಕೈ ದಾಟಿದ ಜಾಕೆಟ್ ತೊಟ್ಟು ಬೆಚ್ಚಗೆ ಓಡಾಡಿದ್ದಾರೋ ದೇವರಿಗೇ ಗೊತ್ತು. ಆದ್ರೂ ಒಂದು ಜಾಕೆಟ್ಟನ್ನ ಮೊದಲಿಂದ ಕೊನೇವರೆಗೂ ನೀನೇ ಹೊಲಿ ಅಂದಿದ್ರೆ ಪಿಳಿಪಿಳಿ ಕಣ್ಣು ಬಿಡ್ತಿದ್ದೆ. ಗಾರ್ಮೆಂಟ್ಸಿನಲ್ಲಿ ದುಡಿದವರು ಇದನ್ನ ಓದ್ತಿದ್ರೆ ಈಗಾಗಲೇ ನಗ್ತಿರ್ತಾರೆ. ಮಿಕ್ಕವರಿಗೆ ಹೇಳ್ತೀನಿ ಕೇಳಿ. ಅಲ್ಲಿ ಒಬ್ಬರೇ ಕೂತು ಒಂದು ಬಟ್ಟೆ ಹೊಲಿಯಲ್ಲ. ಮಿಷನ್ನುಗಳನ್ನ ಒಂದರ ಹಿಂದೆ ಒಂದು ಸಾಲಾಗಿ ಇಟ್ಟಿರ್ತಾರೆ, ಅದಕ್ಕೆ ಲೈನು ಅಂತಾರೆ. ಒಬ್ಬಳು ಭುಜ ಕೂಡಿಸಿ ಮುಂದಕ್ಕೆ ತಳ್ತಾಳೆ, ಅವಳ ಮುಂದಿನವಳು ಜೇಬು ಇಡ್ತಾಳೆ, ಇನ್ನೊಬ್ಬಳು ಕಾಲರು, ಮತ್ತೊಬ್ಬಳು ಜಿಪ್ಪು. ನಾನು ಸೇರಿದ ದಿನ ಸೂಪರ್‌ವೈಸರು, ‘ನೀನು ತೋಳು ಹಾಕಮ್ಮ’ ಅಂದ. ಕೆಲಸ ಬಿಡೋ ದಿನದವರೆಗೂ ತೋಳು ಹಾಕಿದೆ. ಬೇರೆ ಏನನ್ನೂ ಯಾರೂ ಕೇಳಲಿಲ್ಲ, ನಾನೂ ಕಲೀಲಿಲ್ಲ.

ಇದರಿಂದ ಕಣ್ಣು ಕೆಟ್ಟುಹೋಗುತ್ತೆ. ದೃಷ್ಟಿ ಚೆನ್ನಾಗೇ ಇದೆ, ನೋಡೋ ಚಾಳಿ ಕೆಡುತ್ತೆ ಅಂತ ಹೇಳಿದ್ದು. ಬಸ್ಸಿನಲ್ಲಿ ಎದುರಿಗೆ ಯಾರೇ ಬಂದು ನಿಂತ್ರೂ ನಾನು ಮುಖ ನೋಡಲ್ಲ, ತೋಳು ಕೂಡಿರೋ ಜಾಗ ನೋಡ್ತೀನಿ. ಮಗನಿಗೆ ಹೆಣ್ಣು ನೋಡೋಕೆ ಮಾಕಳಿಗೆ ಹೋದಾಗಲೂ ಹಿಂಗೇ ಆಯ್ತು. ಹುಡುಗಿ ಕಾಫಿ ತಂದು ಮುಂದೆ ನಿಂತಿದ್ದಾಳೆ, ನಾನು ಅವಳ ಸೋದರಮಾವನ ಅಂಗಿಯನ್ನೇ ನೋಡ್ತಾ ಕೂತಿದ್ದೀನಿ. ಬಲಗಡೆ ತೋಳು ಭುಜದ ಹತ್ತಿರ ಸುಕ್ಕುಸುಕ್ಕಾಗಿ ಕೂತಿತ್ತು. ಮಾತಿನ ಮಧ್ಯೆ ಗೊತ್ತಾಯ್ತು, ಆತ ಮಾಕಳಿಯಲ್ಲಿ ಹೆಸರುವಾಸಿ ಟೈಲರು, ಅಂಗಿ ಅವನೇ ಹೊಲಿದುಕೊಂಡಿದ್ದು.

ಹುಡುಗಿಯ ತಾಯಿ, ಅಂದ್ರೆ ಈಗಿನ ನಮ್ಮ ಬೀಗ್ತಿ, ಕೇಳಿದ್ರು, ‘ತಾವೇನು ಕೆಲಸ ಮಾಡ್ತೀರಿ?’

‘ಜಾಕೆಟ್ ಹೊಲೀತೀನಿ,’ ಅಂದೆ. ‘ಫಾರಿನ್ನಿಗೆ ಹೋಗುತ್ತೆ.’

ಸುಳ್ಳೇನಲ್ಲ. ಪೂರ್ತಿ ನಿಜಾನೂ ಅಲ್ಲ. ನನ್ನ ತಮ್ಮ ಟೈಲರು ಅಂತ ಅವರು ಅಷ್ಟು ಹೊತ್ತು ಹೊಗಳಿದ ಮೇಲೆ ‘ನಾನು ಬರೀ ತೋಳು ಹಾಕ್ತೀನಿ’ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಆ ಒಂದು ಮಾತು ಹಿಡಿದುಕೊಂಡು ನಮ್ಮ ಮನೆಯಲ್ಲಿ ನಾನು ಏಳೆಂಟು ವರ್ಷ ಮೆರೆದೆ. ಸೊಸೆ ಅಕ್ಕಪಕ್ಕದವರ ಹತ್ತಿರ ‘ನಮ್ಮತ್ತೆ ಜಾಕೆಟ್ಟೇ ಹೊಲೀತಾರೆ’ ಅನ್ನೋಳು. ನಾನು ಕೇಳಿಸದವಳ ಹಾಗೆ ಸೊಪ್ಪು ಬಿಡಿಸ್ತಾ ಕೂತಿರ್ತಿದ್ದೆ.

ಮೊಮ್ಮಗಳು ಹುಟ್ಟಿದಳು. ನನ್ನ ಖುಷಿ ಹೇಳಕ್ಕೆ ಹೋಗಲ್ಲ, ಹೇಳಕ್ಕೆ ಹೋದ್ರೆ ಇದು ಮುಗಿಯಲ್ಲ. ಮಗು ನೋಡಿಕೊಳ್ಳೋಕೆ ಅಂತ ಗಾರ್ಮೆಂಟ್ಸ್ ಬಿಟ್ಟೆ. ಮೊದಲನೇ ತಿಂಗಳು ಅವಳು ನಿದ್ದೆ ಮಾಡೋಳು, ನಾನು ಪಕ್ಕದಲ್ಲಿ ಕೂತು ಅವಳ ಭುಜ, ತೋಳು ನೋಡ್ತಿದ್ದೆ. ಎಷ್ಟು ನೀಟಾಗಿ ಕೂಡಿಸಿದ್ದಾನಪ್ಪ ಭಗವಂತ, ಒಂದು ಸುಕ್ಕಿಲ್ಲ ಅಂತ.

ಅಷ್ಟರಲ್ಲಿ ಮಾಕಳಿಯಿಂದ ಸ್ವೆಟರು ಬಂತು. ಬೀಗ್ತಿ ಕಡ್ಡಿ ಹಿಡಿದು ತಾವೇ ಹೆಣೆದಿದ್ದು. ಗುಲಾಬಿ ಬಣ್ಣ, ಎದೆ ಮೇಲೆ ಎರಡು ಬಾತುಕೋಳಿ. ಮಗು ಬೆಳೀತಾ ಹೋದಂಗೆ ಬಾತುಕೋಳೀನೂ ಬೆಳೀತಾ ಬಂದ್ವು. ಒಂದನೇ ವರ್ಷ ಎರಡು, ಎರಡನೇ ವರ್ಷ ಮೂರು, ಮೂರನೇ ವರ್ಷ ಹಿಂಡು. ಮೊಮ್ಮಗಳು ಅದನ್ನ ಬಿಟ್ಟು ಬೇರೆ ಹಾಕ್ಕೊಳ್ತಿರಲಿಲ್ಲ. ಒಗೆದು ಹಗ್ಗಕ್ಕೆ ಹಾಕಿದ್ರೆ ಕೆಳಗೆ ನಿಂತು ಕಾಯೋಳು. ನನ್ನ ಕೈಲಿ ಎಣ್ಣೆ ಹಚ್ಚಿಸಿಕೊಂಡು, ನನ್ನ ಕೈಲಿ ಸ್ನಾನ ಮಾಡಿಸಿಕೊಂಡು, ನನ್ನ ಕೈಲಿ ಅನ್ನ ತಿಂದು, ಆಮೇಲೆ ‘ಮಾಕಳಿ ಅಜ್ಜಿ ಸ್ವೆಟರ್ ಕೊಡು’ ಅಂತ ಕೈ ಚಾಚೋಳು.

ನಾನು ಸಣ್ಣ ಮನಸ್ಸಿನವಳಲ್ಲ. ಆದ್ರೆ ಮನಸ್ಸು ಅವತ್ತವತ್ತಿಗೆ ಸ್ವಲ್ಪ ಸ್ವಲ್ಪ ಕುಗ್ಗುತ್ತಲ್ಲ.

ನಾಲ್ಕು ತುಂಬೋಕೆ ಮೂರು ವಾರ ಇದ್ದಾಗ ಒಂದು ಬೆಳಗ್ಗೆ, ಮಾಗಿ ಚಳಿ, ಮಗು ಕಂಬಳಿಯೊಳಗೆ ನನ್ನ ಹೊಟ್ಟೆಗೆ ಕಾಲು ಒತ್ತಿಕೊಂಡು ಮಲಗಿತ್ತು. ಕೇಳಿಯೇಬಿಟ್ಟೆ.

‘ಹುಟ್ಟುಹಬ್ಬಕ್ಕೆ ಅಜ್ಜಿ ನಿಂಗೆ ಜಾಕೆಟ್ ಹೊಲಿದುಕೊಡ್ಲಾ?’

‘ಟೋಪಿ ಇರೋದು?’

‘ಟೋಪಿ ಇರೋದೇ.’

‘ಟೋಪಿಗೆ ಕಿವಿ ಇರ್ಬೇಕು.’

‘ಯಾರ ಕಿವಿ ಕಂದ?’

‘ಮೊಲದ್ದು.’

‘ಬಾಲ?’

ಸ್ವಲ್ಪ ಯೋಚನೆ ಮಾಡಿದಳು. ‘ಬಾಲ ಬೇಡ. ಕೂತ್ಕೊಂಡ್ರೆ ಒತ್ತುತ್ತೆ.’

ಆಮೇಲೆ ಎದ್ದು ಅಡುಗೆಮನೆಗೆ ಓಡಿ ಅಮ್ಮನಿಗೆ ಹೇಳಿದಳು. ಸೊಸೆ ಫೋನಿನಲ್ಲಿ ಅವಳಮ್ಮನಿಗೆ ಹೇಳಿದಳು. ಬೀಗ್ತಿ ತಮ್ಮನಿಗೆ ಹೇಳಿದ್ರು. ಕಾಫಿ ಸೋಸೋ ಹೊತ್ತಿಗೆ, ನಾವಿರೋ ರಾಜಗೋಪಾಲನಗರದಿಂದ ಮಾಕಳಿವರೆಗೂ ಗೊತ್ತಾಗಿತ್ತು. ಹುಟ್ಟುಹಬ್ಬದ ದಿನ ಫಾರಿನ್ ಜಾಕೆಟ್ ಹೊಲಿಯೋ ಅಜ್ಜಿಯ ಕೈಚಳಕ ನೋಡೋಕೆ ಟೈಲರ್ ಸೋದರಮಾವನೂ ಬರ್ತಾನಂತೆ. ಮಗು ಮುಂದೆ ಮಾತು ಕೊಟ್ಟಾಗಿದೆ, ಟೈಲರ್ ಮುಂದೆ ಮಾನ ಉಳೀಬೇಕು.

ದಾಸರಹಳ್ಳಿ ಮೇನ್ ರೋಡಿನಲ್ಲಿ ಗಾರ್ಮೆಂಟ್ಸಿನ ಮಿಕ್ಕ ಬಟ್ಟೆ ತೂಕಕ್ಕೆ ಮಾರೋ ಅಂಗಡಿ ಇತ್ತು. ಆಗ ಮೆಟ್ರೋ ಕಂಬಗಳಷ್ಟೇ ಎದ್ದು ನಿಂತಿದ್ವು, ಅದರ ಧೂಳೆಲ್ಲ ಆ ಬಟ್ಟೆ ರಾಶಿ ಮೇಲೆ. ಮೊಮ್ಮಗಳನ್ನ ಕರ್ಕೊಂಡು ಹೋದೆ. ರಾಶಿಯೊಳಗೆ ಮೊಣಕೈವರೆಗೂ ಕೈ ಹಾಕಿ ಗಿಳಿಹಸಿರು ಬಣ್ಣದ ಮೆತ್ತನೆ ಬಟ್ಟೆ ಎಳೆದಳು.

‘ಹಸಿರು ಮೊಲ ಎಲ್ಲಿರುತ್ತೆ ಕಂದ?’

‘ಹುಲ್ಲು ತಿಂದು ತಿಂದು ಹಂಗಾಗುತ್ತೆ.’

ಅಂಗಡಿಯವನು ‘ಕರೆಕ್ಟು ಮೇಡಂ’ ಅಂತ ತೂಗಿಕೊಟ್ಟ. ಮೇಡಂ ಅಂದಿದ್ದು ಅವಳಿಗೆ.

ಮನೆಯಲ್ಲಿ ಕಾಲಲ್ಲಿ ತುಳಿಯೋ ಹಳೇ ಮಿಷನ್ನಿತ್ತು. ಅದರಲ್ಲಿ ದಿಂಬಿನ ಚೀಲ, ಹರಿದ ಲಂಗ ಇಂಥವನ್ನ ಹೊಲೀತಿದ್ದೆ. ಮಗ ವರ್ಕ್‌ಶಾಪಿಗೆ, ಸೊಸೆ ಮೆಡಿಕಲ್ ಸ್ಟೋರಿಗೆ ಹೋದಮೇಲೆ ಬಾಗಿಲು ಹಾಕ್ಕೊಂಡು ಕೂತೆ. ಬಟ್ಟೆ ಹರಡಿದೆ. ಕತ್ತರಿ ಹಿಡಿದೆ. ಎಲ್ಲಿಂದ ಶುರು ಮಾಡೋದು? ನನ್ನ ಕೈಗೆ ಗೊತ್ತಿರೋದು ಒಂದೇ, ಅಲ್ಲಿಂದಲೇ ಶುರು ಮಾಡಿದೆ. ತೋಳು ಕತ್ತರಿಸಿದೆ. ಆಹಾ, ಕತ್ತರಿ ಬೆಣ್ಣೆಯಲ್ಲಿ ಹೋದಂಗೆ ಹೋಯ್ತು. ಎರಡೂ ತೋಳು ಮಡಿಚಿ ಹೊಲಿದು ತಿರುವಿ ಹಾಕಿದೆ. ಇಷ್ಟು ಚೆಂದದ ತೋಳನ್ನ ಲೈನಿನಲ್ಲೂ ನಾನು ನೋಡಿರಲಿಲ್ಲ. ಆಮೇಲೆ ಅವಕ್ಕೆ ಒಂದು ಜಾಕೆಟ್ ಹುಡುಕಬೇಕಲ್ಲ. ಯಾವತ್ತೂ ಜಾಕೆಟ್ಟು ತಾನೇ ನನ್ನ ಮುಂದೆ ಬಂದು ಬೀಳ್ತಿತ್ತು. ಇವತ್ತು ಬರಲಿಲ್ಲ.

ಇನ್ನೊಂದು ಎಡವಟ್ಟು ಮಗು ನಿದ್ದೆಯಿಂದ ಎದ್ದು ಬಂದಮೇಲೆ ಗೊತ್ತಾಯ್ತು. ಹದಿನೇಳು ವರ್ಷ ನನ್ನ ಕೈ ನೋಡಿದ್ದು ಹಿಮದ ದೇಶದ ದೊಡ್ಡ ಗಂಡಸರ ತೋಳು. ಕತ್ತರಿ ನನ್ನನ್ನ ಕೇಳದೆ ಆ ಅಳತೆಗೇ ಹೋಗಿತ್ತು. ಮೊಮ್ಮಗಳು ಒಂದು ತೋಳಿನೊಳಗೆ ಒಂದು ಕಾಲು ಇಳಿಸಿದಳು, ಇನ್ನೊಂದರೊಳಗೆ ಇನ್ನೊಂದು. ಎರಡನ್ನೂ ಸೊಂಟದವರೆಗೆ ಎಳೆದು ಹಿಡ್ಕೊಂಡು ಮನೆಯೆಲ್ಲ ಕುಣಿದಳು.

‘ಇದು ಗುಟ್ಟು. ಯಾರಿಗೂ ಹೇಳ್ಬಾರ್ದು,’ ಅಂದೆ.

‘ಹೇಳಲ್ಲ,’ ಅಂದಳು. ಸಂಜೆ ಫೋನ್ ಬಂತು.

‘ಮಾಕಳಿ ಅಜ್ಜಿ, ನಮ್ಮಜ್ಜಿ ನಂಗೆ ಒಂದೊಂದು ಕಾಲಿಗೆ ಬೇರೆ ಬೇರೆ ಪ್ಯಾಂಟ್ ಹೊಲಿದಿದಾರೆ. ಗುಟ್ಟು.’

ಸೊಸೆ ಸ್ಪೀಕರ್ ಹಾಕಿದ್ದಳು. ಆ ಕಡೆಯಿಂದ ಬೀಗ್ತಿ, ‘ಬೀಗ್ರೇ, ಫಾರಿನ್ನಾಗೆ ಇಂಗೇ ಆಕ್ಕೋತಾರಾ?’

‘ಅದು ಅಳತೆ ಬಟ್ಟೆ,’ ಅಂದೆ. ‘ಮೊದಲು ಹಂಗೇ ಮಾಡೋದು.’

‘ಅಂಗಾ. ಜಾಕೆಟ್ಟಿಗೆ ಕಾಲಿನ ಅಳತೆ ತಗೋತಾರೆ ಅಂತ ಗೊತ್ತಿರ್ನಿಲ್ಲ. ನಮ್ ತಮ್ಮನ್ನ ಕಳುಸ್ಲಾ, ಕತ್ತರಿ ತಗೊಂಡು?’

‘ಬೇಡ,’ ಅಂದೆ. ಎರಡು ಸಲ ಅಂದೆ. ಆ ಮನುಷ್ಯನ ಸುಕ್ಕು ತೋಳನ್ನ ಮನಸ್ಸಿನಲ್ಲೇ ಅಷ್ಟು ವರ್ಷ ಆಡಿಕೊಂಡವಳು, ಅವನ ಮುಂದೆ ಹೋಗಿ ಹೇಳಿಕೊಡಪ್ಪ ಅನ್ನೋದಕ್ಕಿಂತ ಮಿಷನ್ನನ್ನ ಗುಜರಿಗೆ ಹಾಕೋದು ವಾಸಿ ಅನ್ನಿಸ್ತು.

ಮಾರನೇ ದಿನ ನಮ್ಮ ಲೈನಿನವರಿಗೆ ಫೋನ್ ಹಚ್ಚಿದೆ. ಇದೇ ಮೊದಲು ಹೊಳೀಬೇಕಿತ್ತು. ಒಬ್ಬಳಿಗೆ ಜಾಕೆಟ್ ಬರಲ್ಲ, ಸರಿ. ಒಂದು ಲೈನಿಗೆ ಬರುತ್ತಲ್ಲ?

ಭಾನುವಾರ ವರ್ಕ್‌ಶಾಪಿಗೂ ರಜ ಇಲ್ಲ, ಮೆಡಿಕಲ್ ಸ್ಟೋರಿಗೂ ಇಲ್ಲ. ಮಗ ಸೊಸೆ ಹೋದಮೇಲೆ ಇಬ್ಬರು ಬಂದ್ರು. ಒಬ್ಬಳು ಜಿಪ್ಪಿನವಳು, ಯಾದಗಿರಿ ಕಡೆಯ ಹೆಣ್ಣುಮಗಳು, ನಮ್ಮಿಂದ ಎರಡು ಗಲ್ಲಿ ಆಚೆ ಬಾಡಿಗೆ ರೂಮಿನಲ್ಲಿದ್ದಳು. ಇನ್ನೊಬ್ಬಳು ದಾಸರಹಳ್ಳಿಯ ಚೆಕ್ಕಿಂಗ್ ಅಕ್ಕ, ನನ್ನದೇ ವಯಸ್ಸು. ಲೈನಿನ ಕೊನೆಯಲ್ಲಿ ನಿಂತು ತಪ್ಪು ಹುಡುಕೋದು ಇವಳ ಕೆಲಸ. ತಪ್ಪಿದ್ದ ಕಡೆ ಬಾಣದ ಗುರುತಿನ ಸಣ್ಣ ಸ್ಟಿಕ್ಕರ್ ಅಂಟಿಸಿ ‘ಬಿಚ್ಚು’ ಅನ್ನೋಳು. ಅವಳು ಬೇರೆ ಮಾತಾಡಿದ್ದನ್ನ ಕಂಡವರು ಕಮ್ಮಿ. ಜೇಬಿನವಳು ಬರಲಿಲ್ಲ, ಅವಳ ತಂಗಿಗೆ ಹೆರಿಗೆ ಅಂತ ಊರಿಗೆ ಹೋಗಿದ್ದಳು. ‘ಜೇಬಿಲ್ದೆ ಇರ್ಲಿ ಬಿಡು, ಮಗು ಏನು ದುಡ್ಡಿಟ್ಕೊಳ್ಳುತ್ತಾ,’ ಅಂದೆ.

ಜಿಪ್ಪಿನವಳು ಮಿಷನ್ ಮುಂದೆ ಕೂತು ಚೂರು ಬಟ್ಟೆ ಹಾಕಿ ನೋಡಿದಳು. ಅವಳು ಕರೆಂಟ್ ಮಿಷನ್ನಿನವಳು. ತುಳಿದ ಕೂಡಲೇ ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟಂತ ಕಿತ್ತುಬಂತು.

‘ಯಕ್ಕಾ, ಇದೇನ್ರಿ ಇದು, ಮುಂದ ಹೋಗು ಅಂದ್ರ ಹಿಂದ ಬರತೈತಿ.’

‘ಅದಕ್ಕೂ ವಯಸ್ಸಾಯ್ತು. ಚಕ್ರ ಕೈಯಲ್ಲಿ ಮುಂದಕ್ಕೆ ತಳ್ಳಿ ಆಮೇಲೆ ತುಳಿ.’

‘ನಮ್ಮತ್ತಿಗಿಂತ ಹಟಮಾರಿ ಐತಿ ಬಿಡ್ರಿ.’

ಚೆಕ್ಕಿಂಗ್ ಅಕ್ಕ ಮೂಗಿನ ಮೇಲೆ ಕನ್ನಡಕ ಏರಿಸಿ ಸುತ್ತ ನೋಡಿದಳು. ‘ಸ್ಟಿಕ್ಕರ್ ಎಲ್ಲಿ?’ ಮನೆಯಲ್ಲಿ ಬಾಣದ ಸ್ಟಿಕ್ಕರ್ ಯಾರಿಟ್ಟಿರ್ತಾರೆ? ಅವಳು ಕನ್ನಡಿ ಹತ್ತಿರ ಹೋಗಿ ನನ್ನ ಸ್ಟಿಕ್ಕರ್ ಬೊಟ್ಟಿನ ಪೊಟ್ಟಣ ತಗೊಂಡಳು. ಬೆರಳ ತುದಿಗಳಿಗೆ ಐದು ಕೆಂಪು ಬೊಟ್ಟು ಅಂಟಿಸಿಕೊಂಡು ಸಿದ್ಧವಾಗಿ ನಿಂತಳು. ಇನ್ನೂ ಒಂದು ಹೊಲಿಗೆ ಬಿದ್ದಿರಲಿಲ್ಲ.

ಮೊಮ್ಮಗಳನ್ನ ಕುರ್ಚಿ ಮೇಲೆ ನಿಲ್ಲಿಸಿ ಹಸಿರು ಬಟ್ಟೆ ಸುತ್ತಿದ್ವಿ. ಎಲ್ಲಿ ಕತ್ತರಿಸಬೇಕು ಅಂತ ಮೂವರೂ ಮೂರು ಕಡೆ ತೋರಿಸ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಬೀಗ್ತಿ. ಮಾಕಳಿಯಿಂದ ಬಸ್ಸು ಹತ್ತಿ, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು, ಹೇಳದೆ ಕೇಳದೆ ಬಂದಿದ್ದಾರೆ.

‘ಯಾರೋ ನೆಂಟ್ರು ಬಂದವ್ರೆ?’

‘ನಮ್ಮ ಫ್ಯಾಕ್ಟರಿಯವ್ರು,’ ಅಂದೆ. ‘ಸುಮ್ನೆ ಮಾತಾಡ್ಸೋಕೆ ಬಂದಿದ್ರು.’

ಸುಮ್ನೆ ಮಾತಾಡ್ಸೋಕೆ ಬಂದವರಲ್ಲಿ ಒಬ್ಬಳು ಮಿಷನ್ನಿಗೆ ಬೈತಾ ದಾರ ಪೋಣಿಸ್ತಿದ್ದಳು. ಇನ್ನೊಬ್ಬಳ ಐದು ಬೆರಳಿಗೂ ಬೊಟ್ಟು. ನಡುವೆ ಮಗು ಹೊಸದಾಗಿ ಪ್ರತಿಷ್ಠೆ ಮಾಡಿದ ಗ್ರಾಮದೇವತೆ ಹಾಗೆ ಹಸಿರುಟ್ಟು ಕುರ್ಚಿ ಮೇಲೆ ನಿಂತಿತ್ತು.

ಬೀಗ್ತಿ ಗೋಡೆಗೆ ಒರಗಿ ಕೂತು ಮೊರ ಕೇಳಿ ಈಸ್ಕೊಂಡು ಅವರೆಕಾಯಿ ಸುಲಿಯೋಕೆ ಶುರು ಮಾಡಿದ್ರು. ಒಂದು ಕಾಯಿ ಸುಲಿಯೋದು, ನಮ್ಮನ್ನ ನೋಡೋದು. ನಾವು ಬಟ್ಟೆ ಸುತ್ತೋದು, ಬಿಚ್ಚೋದು. ಮೊರ ಅರ್ಧ ತುಂಬಿದ ಮೇಲೆ ಕೇಳಿದ್ರು.

‘ನಿಮ್ಮ ಪೈಕಿ ಶುರು ಮಾಡೋರು ಯಾರು?’

ಕಟ್ಟಿಂಗ್ ಸೆಕ್ಷನ್ ನಮ್ಮ ಫ್ಯಾಕ್ಟರಿಯಲ್ಲಿ ಮೇಲಿನ ಮಹಡಿಯಲ್ಲಿತ್ತು. ಅಲ್ಲಿ ಏನು ಮಾಡ್ತಾರೆ ಅಂತ ನಾವು ನೋಡಿದವರಲ್ಲ. ಕತ್ತರಿಸಿದ ಬಂಡಲ್ಲು ಕೆಳಗೆ ಬರೋದು, ನಾವು ಹೊಲಿಯೋದು. ಮಧ್ಯದ ಕೆಲಸದವರು ಇದ್ವಿ, ತಪ್ಪು ಹುಡುಕೋಳಿದ್ದಳು. ಶುರು ಮಾಡೋರೇ ಇರಲಿಲ್ಲ.

ಸಾಕಾಗಿತ್ತು ನನಗೂ. ನೆಲದ ಮೇಲೆ ಅವರ ಎದುರಿಗೆ ಕೂತೆ. ‘ಬೀಗ್ರೇ, ನಂಗೆ ತೋಳು ಬಿಟ್ರೆ ಏನೂ ಬರಲ್ಲ.’

‘ಗೊತ್ತು,’ ಅಂದ್ರು.

‘ಯಾವಾಗಿಂದ?’

‘ಎಣ್ಣು ನೋಡಕ್ಕೆ ಬಂದಿದ್ರಲ್ಲ, ಅವತ್ತಿಂದ. ನನ್ ತಮ್ಮನ ತೋಳ್ನೇ ನೋಡ್ಕಂಡು ಕುಂತಿದ್ರಿ. ಎಣ್ಣಿನ ಮಕ ನೋಡ್ನಿಲ್ಲ. ನಮ್ಮನೆಯೋರು ರಾತ್ರಿ ಕೇಳಿದ್ರು, ಹುಡುಗನ ತಾಯಿಗೆ ಕತ್ತು ಉಳುಕಿತ್ತಾ ಅಂತ.’

ಜಿಪ್ಪಿನವಳು ಮಿಷನ್ ಮೇಲೆ ತಲೆ ಇಟ್ಟು ನಕ್ಕಳು. ಚೆಕ್ಕಿಂಗ್ ಅಕ್ಕ ಗಂಭೀರವಾಗಿ ಬಂದು ನನ್ನ ಹಣೆಗೊಂದು ಬೊಟ್ಟು ಅಂಟಿಸಿದಳು. ‘ಬಿಚ್ಚು,’ ಅಂದಳು.

ಬೀಗ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. ಮೊಮ್ಮಗಳ ಬಾತುಕೋಳಿ ಸ್ವೆಟರು ತರಿಸಿ ಬಟ್ಟೆ ಮೇಲೆ ಹಾಸಿದ್ರು. ಬಚ್ಚಲಿನಿಂದ ಸೋಪಿನ ಚೂರು ತಂದು ಸುತ್ತ ಗೆರೆ ಎಳೆದ್ರು. ಅವರು ಹೆಣೆಯೋದು ಮೊದಲಿಂದ ಕೊನೇವರೆಗೂ ಒಬ್ಬರೇ. ಮಗು ಬೆನ್ನಿಗೆ ಗೇಣು ಹಾಕಿ ನೋಡಿದ್ರೆ ಸಾಕು, ಮಿಕ್ಕಿದ್ದು ಅವರಿಗೆ ಕಾಣುತ್ತೆ. ಕತ್ತರಿ ಇಡೋಕೆ ಹೋದಾಗ ಮಾತ್ರ ಜಿಪ್ಪಿನವಳು ಕೂಗಿದಳು, ‘ಅಮ್ಮಾರೆ, ಹೊಲಿಗಿಗೆ ಮಾರ್ಜಿನ್ ಬಿಡ್ರಿ. ಉಲನ್ ಅಲ್ಲ ಇದು.’

‘ಅಯ್ಯೋ ಅವ್ದಲ್ಲ,’ ಅಂತ ಬೀಗ್ತಿ ಹೊರಗಡೆ ಇನ್ನೊಂದು ಗೆರೆ ಎಳೆದ್ರು. ಹೆಣೆಯೋರಿಗೆ ಹೊಲಿಗೆ ಒಳಗೆ ಹೋಗೋ ಬಟ್ಟೆ ಲೆಕ್ಕ ಬರಲ್ಲ ನೋಡಿ. ಆ ಒಂದು ತಪ್ಪು ನೋಡಿ ನನಗೆ ಆದ ಸಮಾಧಾನ ಹೇಳಬಾರದು.

ಆದ್ರೆ ಮೊದಲೇ ಮಗುವಿನ ಬಟ್ಟೆ ಕತ್ತರಿಸೋಕೆ ಯಾರಿಗೂ ಧೈರ್ಯ ಸಾಲಲಿಲ್ಲ. ಮೊದಲು ಬೇರೆ ಒಂದು ಜಾಕೆಟ್ ಮಾಡಿ ನೋಡೋಣ ಅಂದ್ರು ಬೀಗ್ತಿ. ಹೆಂಗೂ ದೊಡ್ಡ ತೋಳು ಎರಡು ಬಿದ್ದಿತ್ತಲ್ಲ, ಅವಕ್ಕೆ ಸರಿಯಾಗಿ ಮಗನ ಹಳೇ ಸ್ವೆಟರು ಇಟ್ಟು ಮೈ ಕತ್ತರಿಸಿದ್ವಿ. ಬೀಗ್ತಿ ಗೆರೆ ಎಳೆದ್ರು, ಜಿಪ್ಪಿನವಳು ಭುಜ ಕೂಡಿಸಿ ಜಿಪ್ಪು ಇಟ್ಟಳು, ನಾನು ತೋಳು ಹಾಕಿದೆ, ಚೆಕ್ಕಿಂಗ್ ಅಕ್ಕ ಹದಿನಾರು ಬೊಟ್ಟು ಅಂಟಿಸಿದಳು. ಅವರೆಕಾಳಿನ ಉಪ್ಸಾರು ಕುದಿಯೋ ಹೊತ್ತಿಗೆ ಹಸಿರು ಜಾಕೆಟ್ಟೊಂದು ನನ್ನ ಮೈ ಮೇಲಿತ್ತು. ತೋಳು ಬೆರಳು ದಾಟಿ ಒಂದು ಗೇಣು ಜೋತಾಡ್ತಿತ್ತು. ನಾನು ಅದನ್ನ ಬಿಚ್ಚಲಿಲ್ಲ. ಜಾಕೆಟ್ ಲೈನಿನಲ್ಲಿ ಹದಿನೇಳು ವರ್ಷ ಕೂತವಳು, ಚಳಿಗಾಲದಲ್ಲಿ ಶಾಲು ಸುತ್ತಿಕೊಂಡೇ ಕೆಲಸಕ್ಕೆ ಹೋಗ್ತಿದ್ದೆ. ನನಗೂ ಒಂದು ಜಾಕೆಟ್ ಇರಬಹುದು ಅಂತ ನನಗೇ ಹೊಳೆದಿರಲಿಲ್ಲ. ಅದನ್ನ ಹಾಕ್ಕೊಂಡೇ ಮುದ್ದೆ ತಿರುವಿದೆ.

‘ಅಜ್ಜಿ ಗಿಳಿ,’ ಅಂದಳು ಮೊಮ್ಮಗಳು.

ಮುಂದಿನ ಭಾನುವಾರ ಅವಳದ್ದು. ಗಾರ್ಮೆಂಟ್ಸಿನ ಚಾಳಿ ಎಲ್ಲಿ ಹೋಗುತ್ತೆ, ನಡುಮನೆಯಲ್ಲಿ ಸಾಲಾಗಿ ಕೂತ್ವಿ. ಇದ್ದಿದ್ದು ಒಂದೇ ಮಿಷನ್ನು, ಅದಕ್ಕೆ ಬಟ್ಟೆ ಮುಂದಕ್ಕೆ ತಳ್ಳೋ ಬದಲು ನಾವೇ ಎದ್ದೆದ್ದು ಜಾಗ ಬದಲಾಯಿಸ್ತಿದ್ವಿ. ಬೀಗ್ತಿ ಉಲನ್ನಿನಲ್ಲಿ ಎರಡು ಕಿವಿ ಹೆಣೆದು ತಂದಿದ್ರು. ಒಂದು ನೆಟ್ಟಗೆ, ಒಂದು ಜೋಲು. ‘ಮೊಲ ನಿದ್ದೆಗಣ್ಣಲ್ಲಿ ಇರೋವಾಗ ಅಂಗೇ ಇರುತ್ತೆ,’ ಅಂದ್ರು, ಯಾರೂ ಕೇಳದೆ ಇದ್ರೂ. ಟೋಪಿ ಹೊಲಿಯೋದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚೆಕ್ಕಿಂಗ್ ಅಕ್ಕ ಅದನ್ನ ನೋಡೋಕಾಗದೆ ತಾನೇ ಸೂಜಿ ಹಿಡಿದು ಕೈಹೊಲಿಗೆ ಹಾಕಿದಳು. ಆಮೇಲೆ ತನ್ನ ಹೊಲಿಗೆಗೆ ತಾನೇ ಮೂರು ಬೊಟ್ಟು ಅಂಟಿಸಿದಳು. ಅಷ್ಟು ನ್ಯಾಯದ ಹೆಂಗಸು.

ಮುಗಿಯೋ ಹೊತ್ತಿಗೆ ಜಾಕೆಟ್ ತುಂಬ ಕೆಂಪು ಬೊಟ್ಟು. ಜಿಪ್ಪು ಕೆಳಗೆ ಸೊಟ್ಟ, ಅಲ್ಲಿ ನಾಲ್ಕು. ಭುಜದ ಮೇಲೆ ಎರಡು, ಬೆನ್ನಲ್ಲಿ ಹೊಲಿಗೆ ಬಿಟ್ಟ ಕಡೆ ಒಂದು ಸಾಲು. ತೋಳಿನ ಮೇಲೆ, ಹೇಳ್ತೀನಿ ಕೇಳಿ, ಒಂದೂ ಇರಲಿಲ್ಲ. ಬೊಟ್ಟಿದ್ದ ಕಡೆಯೆಲ್ಲ ಬಿಚ್ಚಿ ಸರಿಮಾಡೋಣ ಅಂತ ಒಂದೊಂದೇ ಕೀಳೋಕೆ ಹೋದೆ. ಮೊಮ್ಮಗಳು ಜಾಕೆಟ್ ತಬ್ಬಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟಳು.

‘ಬೊಟ್ಟು ತೆಗೀಬಾರ್ದು.’

‘ಅದು ತಪ್ಪಿನ ಗುರುತು ಕಂದ.’

‘ನಂಗೆ ತಪ್ಪೇ ಬೇಕು.’

ಹೆಂಗೆ ಕೇಳಿದ್ರೂ ಬಿಡಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಮೇಲೆ ನಾವು ನಾಲ್ಕು ಜನ ಹೆಂಗಸರೂ ಮುಖ ಮುಖ ನೋಡಿಕೊಂಡು ಸೋತ್ವಿ. ಬೊಟ್ಟು ಬಿದ್ದುಹೋಗಬಾರದು ಅಂತ ಜಿಪ್ಪಿನವಳು ಒಂದೊಂದಕ್ಕೂ ಅಂಟು ಹಾಕಿ ಗಟ್ಟಿಮಾಡಿದಳು. ಚೆಕ್ಕಿಂಗ್ ಅಕ್ಕ ತಲೆ ಮೇಲೆ ಕೈ ಹೊತ್ತುಕೊಂಡು, ‘ಇಷ್ಟು ವರ್ಷದಲ್ಲಿ ತಪ್ಪಿಟ್ಟುಕೊಂಡೇ ಪೀಸು ಗೇಟು ದಾಟಿದ್ದು ಇದೇ ಮೊದಲು,’ ಅಂದಳು. ಅವಳ ಬಾಯಿಂದ ಅಷ್ಟುದ್ದ ಮಾತು ಕೇಳಿದ್ದೂ ನಾನು ಅದೇ ಮೊದಲು.

ಹುಟ್ಟುಹಬ್ಬ ನಮ್ಮ ಮಹಡಿ ಮೇಲೆ, ಶಾಮಿಯಾನ ಹಾಕಿಸಿ. ಸಂಜೆ ಐದಕ್ಕೇ ಮಗು ಜಾಕೆಟ್ ತೊಟ್ಟು ತಯಾರು. ಒಳಗೆ ಬಾತುಕೋಳಿ ಸ್ವೆಟರು, ಮೇಲೆ ಜಾಕೆಟ್ಟು, ತಲೆ ಮೇಲೆ ಒಂದೂವರೆ ಕಿವಿ. ಬೆವರು ಇಳೀತಿದ್ರೂ ಬಿಚ್ಚಲಿಲ್ಲ. ನಾನೂ ನನ್ನ ಜಾಕೆಟ್ ಹಾಕ್ಕೊಂಡು, ತೋಳು ಎರಡು ಮಡಿಕೆ ಮಡಿಚಿಕೊಂಡು ಅವಳ ಹಿಂದೆ ಹಿಂದೆ. ಬಂದ ಹೆಂಗಸರೆಲ್ಲ ಬೊಟ್ಟು ಮುಟ್ಟಿ ಮುಟ್ಟಿ ನೋಡಿದ್ರು. ‘ಏನ್ ಡಿಸೈನ್ ಕಣ್ರೀ, ಅಂಗಡೀಲಿ ಸಿಗಲ್ಲ ಇದು.’ ಪಕ್ಕದ ಮನೆಯವಳು ಜಿಪ್ಪಿನ ಹತ್ತಿರದ ನಾಲ್ಕು ಬೊಟ್ಟು ತೋರಿಸಿ, ‘ಇಲ್ಲಿ ಗೊಂಚಲು ಥರ ಕೊಟ್ಟಿದ್ದೀರಲ್ಲ, ಅದೇ ಚೆಂದ’ ಅಂದಳು. ಜಿಪ್ಪಿನವಳು ಕೈಯಲ್ಲಿ ಲೋಟ ಹಿಡ್ಕೊಂಡು ‘ಹೌದಲ್ರಿ, ಅಲ್ಲಿ ಭಾಳ ಕಷ್ಟಪಟ್ಟಾರ’ ಅಂದಳು.

ಆಮೇಲೆ ಟೈಲರ್ ಬಂದ. ಬೀಗ್ತಿಯ ತಮ್ಮ. ಮಗುವನ್ನ ಎತ್ತಿ ಮುದ್ದು ಮಾಡಿ ಕೆಳಗಿಳಿಸಿ, ಮೊಣಕಾಲೂರಿ ಕೂತು ಜಾಕೆಟ್ ಅಂಚು ತಿರುವಿ ನೋಡೋಕೆ ಶುರು ಮಾಡಿದ. ಒಳಗಡೆ ಹೊಲಿಗೆ ನೋಡಿದ. ಜಿಪ್ಪು ಮೇಲೆ ಕೆಳಗೆ ಎಳೆದ.

‘ಯಾರು ಒಲ್ದಿದ್ದು ಇದ್ನ?’

ನಾನು ಬಾಯಿ ತೆಗೆಯೋಕೆ ಮುಂಚೆ ಬೀಗ್ತಿ, ಮುಖದ ಒಂದು ಗೆರೆ ಅಲುಗದಂಗೆ, ‘ಅವ್ರೇ ಕಣೋ. ಪೂರ್ತಿ ಅವ್ರೇ. ನಾನು ಕಣ್ಣಾರೆ ನೋಡಿವ್ನಿ,’ ಅಂದ್ರು. ಎಂಥ ಹೆಂಗಸು. ನನ್ನ ಮಾನ ಕಾಪಾಡೋಕೆ ಒಡಹುಟ್ಟಿದವನ ಮುಂದೆ ಸುಳ್ಳು ಹೇಳಿದ್ರು.

ಟೈಲರ್ ಮಗು ಭುಜದ ಮೇಲೆ ಬೆರಳಾಡಿಸಿದ. ‘ಇಲ್ಲ ಅಕ್ಕ. ಇದು ಒಂದ್ ಕೈ ಕೆಲಸ ಅಲ್ಲ. ಜಿಪ್ಪಿನ ಕೈ ಬೇರೆ, ತೋಳಿನ ಕೈ ಬೇರೆ. ಟೋಪಿ ಹೊಲಿದೋರು ಯಾರೋ ಕಾಣೆ, ಮಿಷನ್ನೇ ಮುಟ್ಟಿಲ್ಲ.’

ಸೊಸೆ ನನ್ನನ್ನ ನೋಡಿದಳು. ಇನ್ನೊಂದು ಸುಳ್ಳು ಹುಡುಕ್ತಿದ್ದೆ, ಸಿಗ್ತಾನೂ ಇತ್ತು. ಅಷ್ಟರಲ್ಲಿ ಮೊಮ್ಮಗಳು, ಪಾಪ, ಟೈಲರ್ ತಾತನಿಗೆ ಗೊತ್ತಾಗ್ತಿಲ್ಲ ಅಂತ ಕನಿಕರದಿಂದ ಬೆರಳಿಟ್ಟು ಬೆರಳಿಟ್ಟು ತೋರಿಸಿದಳು. ‘ಇದು ಜಿಪ್ಪಿನ ಅತ್ತೆ. ಇದು ಬೊಟ್ಟಿನ ಅಜ್ಜಿ. ಕಿವಿ ಮಾಕಳಿ ಅಜ್ಜಿ. ತೋಳು ನಮ್ಮಜ್ಜಿ.’ ನಮ್ಮಜ್ಜಿ ಅನ್ನೋವಾಗ ಎರಡೂ ತೋಳು ಮೇಲೆತ್ತಿದಳು.

ಅಷ್ಟು ಜನರ ಮುಂದೆ ಸಿಕ್ಕಿಬಿದ್ದವಳಿಗೆ ನಾಚಿಕೆ ಆಗಬೇಕಿತ್ತು. ನನಗೆ ನಗು ಬಂತು. ಅವಳ ಪಟ್ಟಿಯಲ್ಲಿ ನನ್ನದು ಒಂದು ಚೂರೂ ಕಮ್ಮಿ ಇರಲಿಲ್ಲ. ಎತ್ತಿದ ಕೈ ಇಳಿಸಲೇ ಇಲ್ಲ, ಹಾಗೇ ತೋರಿಸ್ತಾ ನಿಂತಿದ್ದಳು.

‘ತೋಳು ಮಾತ್ರ ನಂದು,’ ಅಂದೆ. ‘ಹದಿನೇಳು ವರ್ಷ ಅದೊಂದೇ ಮಾಡಿದ್ದು. ಎಳೆದು ನೋಡಿ ಬೇಕಾದ್ರೆ.’

ಎಳೆದ. ಇನ್ನೊಂದನ್ನೂ ಎಳೆದ. ಮಗು ಕಿಲಕಿಲ ಅಂತ ಅವನ ಕಡೆಗೇ ವಾಲಿತು, ಹೊಲಿಗೆ ಅಲ್ಲಾಡಲಿಲ್ಲ. ‘ನಂಗೆ ಇಂಗೆ ಬರಲ್ಲ,’ ಅಂದ ಮೆಲ್ಲಗೆ. ‘ತೋಳಲ್ಲೇ ನಾನು ಎಡವೋದು.’ ಆ ಮಾತು ಅವನು ಮೆಲ್ಲಗೆ ಅಂದ, ನಾನು ಜೋರಾಗೇ ಕೇಳಿಸಿಕೊಂಡೆ. ಆಮೇಲೆ ಜಾಕೆಟ್ ಎರಡೂ ಪಕ್ಕ ತಡವಿ ಹುಡುಕಿದ. ‘ಅದೆಲ್ಲ ಸರಿ. ಜೇಬೆಲ್ಲಿ?’

ಎಂಟು ವರ್ಷ ಇವನನ್ನ ಏನೂ ಕೇಳಬಾರದು ಅಂತ ಇದ್ದವಳು ನಾನು. ‘ಜೇಬು ಹಾಕೋರು ನಮ್ಮಲ್ಲಿ ಯಾರೂ ಇಲ್ಲಪ್ಪ,’ ಅಂದೆ. ‘ಇವಳದಕ್ಕೂ ಇಲ್ಲ, ನನ್ನದಕ್ಕೂ ಇಲ್ಲ. ನೀವು ಬರ್ತೀರಾ?’

ಅವನು ಅಕ್ಕನ ಮುಖ ನೋಡಿದ. ಬೀಗ್ತಿ ಕೇಕಿನ ಚೂರು ಬಾಯಿಗೆ ಹಾಕ್ಕೊಂಡು, ‘ಓಗೋ. ಅಂಗೇ ನಂಗೂ ಒಂದು ಒಲ್ಕೊಡಿ, ಎರಡ್ ಜೇಬಿಂದು,’ ಅಂದ್ರು.

‘ಬಾನ್ವಾರ ಅಂಗಡಿ ರಜ,’ ಅಂದ ಅವನು. ‘ಎಷ್ಟೊತ್ತಿಗೆ ಬರ್ಲಿ?’

‘ಎಂಟೂವರೆಗೆ,’ ಅಂದಳು ಹಿಂದಿನಿಂದ ಚೆಕ್ಕಿಂಗ್ ಅಕ್ಕ. ‘ತಡ ಮಾಡಿದ್ರೆ ಗೇಟು ಹಾಕ್ಬಿಡ್ತೀವಿ.’